ತೊಳೆದ ಬಿಲ್ಲೆ

"ತೊಳೆದ್ಯಾ? ನೀರಲ್ಲಿ?" ಡೆಲ್ಬರ್ಟ್ ಬೆಚ್ಚಿದ ರಭಸಕ್ಕೆ ಲೋಟದ ಕಾಫಿ ಮೇಜಿನ ಮೇಲೆ ತುಳುಕಿತು.

"ನೀರಲ್ಲದೆ ಇನ್ಯಾತರಲ್ಲಿ ತೊಳೀತಾರೆ? ಪಾತ್ರೆ ಸೋಪು ಹಾಕಿ ರಾತ್ರಿಯೆಲ್ಲ ನೆನೆಸಿಟ್ಟಿದ್ದೆ," ಎಂದಳು ವರ್ನಾ, ಒರೆಸುವ ಬಟ್ಟೆಯನ್ನು ಅವನ ಕಡೆ ಎಸೆಯುತ್ತ. "ನಿನಗೆ ಕೊಡೋ ವಸ್ತು. ಕೊಳಕಾಗಿರೋದನ್ನ ಹೇಗಪ್ಪಾ ಕೊಡಲಿ?"

ಮೇಜಿನ ಮೇಲೆ, ಮಡಿಸಿದ ಟವೆಲ್ಲಿನ ನಡುವೆ, ನಾಣ್ಯದಗಲದ ಒಂದು ಹಳದಿ ಬಿಲ್ಲೆ. ಹಿಂದೆ ಪಿನ್ನು, ಮುಂದೆ ಕಹಳೆ ಊದುವ ಹೆಣ್ಣಿನ ಚಿತ್ರ. ಹೆಂಗಸರಿಗೂ ಓಟು ಬೇಕೆಂದು 1912ರಲ್ಲಿ ಓಹಾಯೋದ ಹೆಂಗಸರು ಕೊಲಂಬಸ್ಸಿನ ಬೀದಿಗಿಳಿದಾಗ ವರ್ನಾಳ ಅಜ್ಜಿ ಎದೆಗೆ ಸಿಕ್ಕಿಸಿಕೊಂಡು ನಡೆದದ್ದು ಇದನ್ನೇ. ಅಜ್ಜಿಯಿಂದ ಮೊಮ್ಮಗಳಿಗೆ ಬಂತು. ಮೊಮ್ಮಗಳಿಗೆ ಮದುವೆಯಾದ ವರ್ಷವೇ ಅವಳ ಗಂಡ ಓರಿನ್‌ನ ಗಾಜಿನ ಪೆಟ್ಟಿಗೆ ಸೇರಿತು. ಓರಿನ್‌ಗೆ ಹಳೆಯ ಬಿಲ್ಲೆಗಳ ಹುಚ್ಚು. ಚುನಾವಣೆಯದೋ, ಕಾರ್ಮಿಕ ಸಂಘದ್ದೋ, ಸೋಡಾ ಕಂಪನಿಯದೋ, ಎದೆಗೆ ಚುಚ್ಚಿಕೊಳ್ಳುವಂಥದು ಯಾವುದಾದರೂ ಸರಿ. ಊರಲ್ಲಿ ಅದೇ ಹುಚ್ಚು ಹಿಡಿದಿದ್ದ ಇನ್ನೊಬ್ಬನೆಂದರೆ ಈ ಡೆಲ್ಬರ್ಟ್. ಇಬ್ಬರೂ ಕೂತರೆ ಊಟ ತಿಂಡಿಯ ಪರಿವೆ ಇರುತ್ತಿರಲಿಲ್ಲ.

ಈ ಹಳದಿ ಬಿಲ್ಲೆಗಾಗಿ ಡೆಲ್ಬರ್ಟ್ ಮೂವತ್ತು ವರ್ಷ ಬಾಯಿ ಬಾಯಿ ಬಿಟ್ಟಿದ್ದ. ಆಗಸ್ಟಿನಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ ಓರಿನ್ ಅವನ ಕೈ ಹಿಡಿದು, "ಅದು ನಿನಗೇ ಕಣೋ" ಎಂದು ಮಾತು ಕೊಟ್ಟು ಹೋಗಿಬಿಟ್ಟ. ಪಕ್ಕದಲ್ಲೇ ಕೂತಿದ್ದ ವರ್ನಾಳನ್ನು ಒಂದು ಮಾತು ಕೇಳಬೇಕೆಂದು ಇಬ್ಬರು ಗಂಡಸರಿಗೂ ಹೊಳೆಯಲಿಲ್ಲ. ಇವತ್ತು ಚುನಾವಣೆಯ ಮಂಗಳವಾರ. ಬೆಳಿಗ್ಗೆಯೇ ಓಟು ಹಾಕಿ, ಜೇಬಿನಲ್ಲಿ ಮಖಮಲ್ಲಿನ ಪುಟ್ಟ ಡಬ್ಬಿ ಇಟ್ಟುಕೊಂಡು, ಮದುವೆ ಗಂಡಿನ ಹಾಗೆ ಬಂದಿದ್ದ ಡೆಲ್ಬರ್ಟ್.

ಅವನು ಭೂತಗನ್ನಡಿ ತೆಗೆದು ಬಗ್ಗಿದ. ಕಹಳೆಯವಳ ಮುಖದ ಮೇಲೆ ಅಂಚಿನಿಂದ ಅಂಚಿಗೆ ಚಹಾ ಚೆಲ್ಲಿದಂಥ ಕಂದು ಕಲೆ. ಬಿಲ್ಲೆಯನ್ನು ಮಗುಚಿ ನೋಡಿದ.

"ಹಿಂದೆ ತಯಾರಕರ ಹೆಸರಿದ್ದ ಕಾಗದ ಇತ್ತಲ್ಲ, ಎಲ್ಲಿ?"

"ಅದಾ? ನೆನೆದು ಎದ್ದುಬಂತು. ಸಿಂಕಲ್ಲಿ ಹೋಯ್ತು."

"ಅಯ್ಯೋ ದೇವರೇ! ಆ ಕಾಗದ ಇಲ್ದೆ ಇದು ಹಳೇದು ಅಂತ ಯಾರು ನಂಬ್ತಾರೆ? ಮೇಲಿನ ಪದರದ ಕೆಳಗಿರೋದು ಬರೀ ಕಾಗದ ಕಣೇ. ಅಂಚಿಂದ ಒಂದು ಹನಿ ನುಗ್ಗಿದ್ರೂ ಕಥೆ ಮುಗೀತು!"

"ಹೌದಾ?" ವರ್ನಾ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು. "ಇದು ಎಲ್ಲಕ್ಕಿಂತ ಹಳೇದು, ಇದರಿಂದಲೇ ಶುರುಮಾಡೋಣ ಅಂದ್ಕೊಂಡೆ. ಉಳಿದವನ್ನೂ ಈ ವಾರ ನೆನೆಹಾಕ್ಬೇಕು ಅಂತಿದ್ದೆ."

"ಬೇಡ! ನಿನ್ನ ದಮ್ಮಯ್ಯ, ಬೇಡ!" ಎಂದು ಕೂಗಿಬಿಟ್ಟ ಡೆಲ್ಬರ್ಟ್.

ಅವನಿಗೆ ಅಳು ಬರುವುದೊಂದು ಬಾಕಿ. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಮನೆಗೆ ಕೇಳುವಂತೆ ಬೈದಿರುತ್ತಿದ್ದ. ಆದರೆ ಗಂಡ ಸತ್ತು ಇನ್ನೂ ಮೂರು ತಿಂಗಳಾಗಿಲ್ಲ. ಪಾಪ, ಪ್ರೀತಿಯಿಂದಲೇ ತೊಳೆದಿದ್ದಾಳೆ. ಇಂಥವಳನ್ನು ಏನೆಂದು ಬೈಯುವುದು? ಕೋಪವನ್ನೆಲ್ಲ ಕಾಫಿಯ ಜೊತೆ ನುಂಗಿದ. ಹಾಳಾದ ಬಿಲ್ಲೆಯನ್ನು ಡಬ್ಬಿಯಲ್ಲಿಟ್ಟುಕೊಂಡು ಹೋಗಿ ದಿನಾ ನೋಡಿ ಹೊಟ್ಟೆ ಉರಿಸಿಕೊಳ್ಳುವುದಂತೂ ಅವನಿಂದಾಗದು.

"ನೀನೇ ಇಟ್ಕೊ, ವರ್ನಾ," ಎಂದ. "ಎಷ್ಟಾದರೂ ನಿಮ್ಮಜ್ಜಿದು."

"ಅಯ್ಯೋ, ಅದು ಹೇಗಾಗುತ್ತೆ? ಓರಿನ್ ಮಾತು ಕೊಟ್ಟಿದ್ದ. ಸತ್ತವನ ಮಾತು ಮೀರೋಕಾಗುತ್ತಾ?"

"ನಾನೇ ಬೇಡ ಅಂತಿದ್ದೀನಲ್ಲ. ಮಾತು ತೀರ್ತು ಅಂದ್ಕೊ."

"ಮನಸಾರೆ ಹೇಳ್ತಿದ್ದೀಯಾ? ಆಮೇಲೆ ಬಂದು ಕೇಳಬಾರದು."

"ಕೇಳಲ್ಲ ಮಾರಾಯ್ತಿ, ಬರೆದುಕೊಡ್ಲಾ?"

ವರ್ನಾ ಮತ್ತೆ ಉಪಚಾರದ ಮಾತಾಡಲಿಲ್ಲ. ಗೂಟದಲ್ಲಿದ್ದ ಉಣ್ಣೆಯ ಕೋಟು ಹಾಕಿಕೊಂಡಳು. ಬಾಗಿಲ ಪಕ್ಕದ ಕನ್ನಡಿಯ ಮುಂದೆ ನಿಂತು, ಬಿಲ್ಲೆಯನ್ನು ಎಡಗಡೆ ಸಿಕ್ಕಿಸಿದಳು. ಸ್ವಲ್ಪ ಓರೆಯಾಯಿತು. ಬಿಚ್ಚಿ, ನೆಟ್ಟಗೆ ಮಾಡಿ ಮತ್ತೆ ಸಿಕ್ಕಿಸಿದಳು. ಅವಳಿಗೆ ಎಷ್ಟು ಸಂತೋಷವಾಗಿತ್ತೆಂದರೆ, ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳಲು ತನಗೇ ನಾಚಿಕೆಯಾಯಿತು.

"ಪ್ರತಿ ಚುನಾವಣೆಗೂ ಓರಿನ್‌ನ ಕೇಳ್ತಿದ್ದೆ," ಎಂದಳು. "ಓಟು ಹಾಕಿ ಬರೋತನಕ, ಅಷ್ಟೇ, ಕೊಡೋ ಅಂತ. ಇದು ಹಾಕ್ಕೊಳ್ಳೋಕಲ್ಲ ಕಣೇ ಅಂತಿದ್ದ. ಅಜ್ಜಿ ಇನ್ಯಾಕೆ ತಗೊಂಡಿದ್ಲೋ!"

ಡೆಲ್ಬರ್ಟ್ ಖಾಲಿ ಡಬ್ಬಿಯನ್ನು ಜೇಬಿಗೆ ತುರುಕಿಕೊಂಡು ಎದ್ದ. ಬಾಗಿಲಲ್ಲಿ ನಿಂತು, ಹಿತವಚನದ ದನಿಯಲ್ಲಿ ಹೇಳಿದ: "ಇನ್ಮೇಲೆ ಹಳೇ ಬಿಲ್ಲೆಗಳ ಹತ್ರ ನೀರು ಸುಳಿಯೋಕೆ ಬಿಡಬೇಡ. ಓರಿನ್ ನಿನಗೆ ಇದನ್ನೆಲ್ಲ ಹೇಳಿರಲಿಲ್ವಾ?"

"ಹೇಳದೆ ಏನು?" ವರ್ನಾ ಬಾಗಿಲು ತೆರೆದಳು. ಹೊರಗೆ ಸಣ್ಣಗೆ ಹನಿಯುತ್ತಿತ್ತು. "ಮದುವೆಯಾದ ದಿನದಿಂದ ಕಿವಿ ತೂತು ಬೀಳೋ ಹಾಗೆ ಅದೊಂದನ್ನೇ ಹೇಳ್ತಿದ್ದ. ನೀರು ತಾಕಿದ್ರೆ ಆಮೇಲೆ ಯಾರಿಗೂ ಬೇಡ ಅಂತ."

ಛತ್ರಿಯನ್ನು ಗೂಟದಲ್ಲೇ ಬಿಟ್ಟು ಅವಳು ಓಟು ಹಾಕಲು ನಡೆದಳು.