ಉಣ್ಣೆಯಡಿಯ ಬರೆ

ಕುರಿಯ ಉಣ್ಣೆ ಕತ್ತರಿಸುವುದು ಆ ಹಟ್ಟಿಯಲ್ಲಿ ಗಂಡಸರ ಕೆಲಸ. ಆದರೆ ಹೋದ ವರ್ಷ, ಕುರಿ ಕದ್ದು ಮಾರಿದನೆಂದು ಬೀರವ್ವನ ಭಾವ ತನ್ನ ಒಡಹುಟ್ಟಿದ ತಮ್ಮನ, ಅಂದರೆ ಅವಳ ಗಂಡನ, ಬಲಗೈಯನ್ನೇ ಮುರಿದಿದ್ದ. ಆ ಕೈ ಮತ್ತೆ ಸರಿಯಾಗಲಿಲ್ಲ; ಹಾಗಾಗಿ ಈ ಸಲ ಭಾವನ ಕುರಿಗಳಿಗೆ ಕತ್ತರಿ ಹಿಡಿದು ಕೂತವಳು ಬೀರವ್ವ.

"ಭಾವಾರ, ಇದರ ಉಣ್ಣಿ ಗೇಣುದ್ದ ಬೆಳದೈತಿ. ಹೋದ ಸಲ ಕತ್ತರಿಸಿಲ್ಲೇನ್ರಿ?"

"ಮಾತು ಬ್ಯಾಡ, ಕೈ ಆಡಸು."

ತೊಡೆಯ ಉಣ್ಣೆ ಕಳಚಿ ಬೀಳುತ್ತಲೇ ಮೂರು ಗೆರೆಯ ಬರೆ ಕಂಡಿತು. ಕುಂಟುತ್ತಿದ್ದ ಕುರಿಗೆ ಅವಳ ಗಂಡನೇ ಕೈಯಾರೆ ಹಾಕಿದ್ದ ಬರೆ. ಬೀರವ್ವನ ಕತ್ತರಿ ನಿಂತಿತು.

"ಇದು ನನ್ನ ಗಂಡ ಕದ್ದಾನ ಅಂದ್ರೆಲ್ಲಾ, ಅದ ಕುರಿ!"

"ಹೂಂ. ಮರುದಿನಾನ ತಾನ ಬಂತು." ಭಾವ ಉಣ್ಣೆಯನ್ನು ಬಾಚಿ ಚೀಲಕ್ಕೆ ತುರುಕಿದ. "ಅಷ್ಟೊತ್ತಿಗೆ ಕೈ ಮುರದಾಗಿತ್ತಲ್ಲ, ಹೇಳಿ ಏನ್ ಮಾಡೋದಿತ್ತು?"