ಚಿರತೆ ಓಡಿಸಿದ ಚಾಕು

"ಇದು ರಕ್ತ ಅಲ್ಲ," ಎಂದರು ಭೂತಗನ್ನಡಿ.

ಅಜ್ಜನ ಚಾಕು ತಂದುಕೊಟ್ಟಿದ್ದ ಮೊಮ್ಮಗಳು ಗೋಡೆಯ ಕ್ಯಾಲೆಂಡರ್ ನೋಡಿದಳು. ಭಾನುವಾರಕ್ಕೆ ಇನ್ನು ಮೂರೇ ದಿನ.

ಭೂತಗನ್ನಡಿ ಎಂದರೆ ಊರಿನ ವಸ್ತುಸಂಗ್ರಹಾಲಯದ ಪರೀಕ್ಷಕರು. ಆ ಗಾಜು ಸದಾ ಕಣ್ಣಿಗೆ ಅಂಟಿಕೊಂಡೇ ಇರುವುದರಿಂದ ಅವರ ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮೊಮ್ಮಗಳಿಗೆ ಅಲ್ಲೇ ಫಲಕ ಬರೆಯುವ ಕೆಲಸ. ಭಾನುವಾರ 'ನಮ್ಮೂರಿನ ಸಾಹಸಗಳು' ಪ್ರದರ್ಶನ ತೆರೆಯುವುದಿತ್ತು. ಅದಕ್ಕೆಂದು ಅವಳು ಅಜ್ಜನ ಬೇಟೆಚಾಕುವನ್ನೇ ತಂದುಕೊಟ್ಟಿದ್ದಳು. ಗಾಜಿನ ಪೆಟ್ಟಿಗೆ ಸಿದ್ಧವಾಗಿತ್ತು. ಅಜ್ಜನೂ ಸಿದ್ಧ. ಹೊಸ ಕೋಟು ಹೊಲಿಸಿ, ದಿನಕ್ಕೆರಡು ಬಾರಿ ಕನ್ನಡಿಗೆ ಭಾಷಣ ಒಪ್ಪಿಸುತ್ತಿದ್ದ.

ಚಾಕುವಿನ ಕಥೆ ಅವಳಿಗೆ ತೊಟ್ಟಿಲಿನಿಂದಲೇ ಬಾಯಿಪಾಠ. ಹೇಳುತ್ತಿದ್ದವಳು ಅಜ್ಜಿ, ಮುಖ್ಯ ಜಾಗಗಳಲ್ಲಿ ಕೆಮ್ಮುತ್ತಿದ್ದವನು ಅಜ್ಜ. ಯೌವನದಲ್ಲಿ ಅಜ್ಜ ಭೂಮಾಪಕ. ಜೀಪಿನಲ್ಲಿ ಕಾಡಂಚಿನ ಊರೊಂದಕ್ಕೆ ಬಂದವನು ಮೇಷ್ಟ್ರ ಮನೆಯಲ್ಲಿ ಒಂದು ದಿನ ಉಳಿದ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಅಂಗಳಕ್ಕೆ ಚಿರತೆ ನುಗ್ಗಿ ಜೀಪಿನ ಟೈರು ಸಿಗಿದುಹಾಕಿತು. ಮನೆಯವರೆಲ್ಲ ಬಾಗಿಲು ಹಾಕಿಕೊಂಡರು. ಅಜ್ಜ ಒಬ್ಬನೇ ಚಾಕು ಹಿಡಿದು ಜೀಪಿನ ಹಿಂದಕ್ಕೆ ಓಡಿ ಅದನ್ನು ಅಟ್ಟಿ ಬಂದ. ಪೇಟೆಯಿಂದ ಟೈರು ಬರಲು ಎಂಟು ದಿನ ಹಿಡಿಯಿತು. ಎಂಟನೆಯ ದಿನ ಮೇಷ್ಟ್ರ ಮಗಳ ಜೊತೆ ಮದುವೆ ಮಾತು ಮುಗಿದಿತ್ತು. ಆ ಮಗಳೇ ಅಜ್ಜಿ. ಕಥೆಯ ಚಿರತೆ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಮೊಮ್ಮಗಳು ಹೈಸ್ಕೂಲು ಸೇರುವಷ್ಟರಲ್ಲಿ ಅದು ಹೆಚ್ಚುಕಡಿಮೆ ಜೀಪಿನಷ್ಟೇ ಇತ್ತು.

ಮೊದಲೆರಡು ದಿನ ಪರೀಕ್ಷೆ ಹೂವಿನ ಸರ ಎತ್ತಿದಂತೆ ನಡೆದಿತ್ತು. ಮಡಿಚುವ ಚಾಕುವಲ್ಲ, ಅಲಗು ಹಿಡಿಯ ತುದಿಯವರೆಗೂ ಇಳಿದದ್ದು. ಹಿಡಿ ಜಿಂಕೆಕೊಂಬಿನದು. ಅಲಗಿನ ಬುಡಕ್ಕೆ ಸೀಮೆಸುಣ್ಣದ ಪುಡಿ ಉಜ್ಜಿದಾಗ ತುಕ್ಕಿನಡಿಯಿಂದ ಒಂದು ಮುದ್ರೆ ಎದ್ದುಬಂತು, ಕೂತ ಮೊಲ. ಬೇಟೆಚಾಕುವಿನ ಮೇಲೆ ಇಷ್ಟು ನೆಮ್ಮದಿಯಾಗಿ ಕೂತ ಮೊಲವನ್ನು ತಾವು ಕಂಡೇ ಇಲ್ಲ ಎಂದು ಭೂತಗನ್ನಡಿ ಮೆಚ್ಚಿದರು. ಕಬ್ಬಿಣದಂಗಡಿಯವರ ಹಳೆಯ ದರಪಟ್ಟಿಗಳನ್ನು ಇಬ್ಬರೂ ಸೀನುತ್ತ ತಿರುವಿಹಾಕಿದರು. ಅದೇ ಮೊಲ ಸಿಕ್ಕಿತು. ಅಜ್ಜನ ಮದುವೆಗಿಂತ ಆರು ವರ್ಷ ಹಿಂದಿನ ಪಟ್ಟಿ. ಎಲ್ಲವೂ ಕಥೆಗೆ ಹೊಂದಿತು.

ಇವತ್ತು ಹಿಡಿ ಮತ್ತು ಅಲಗಿನ ಸಂದಿಯಿಂದ, ಗಟ್ಟಿಯಾದ ಎಣ್ಣೆಜಿಡ್ಡಿನ ಜೊತೆ, ಕಪ್ಪು ಚೂರುಗಳು ಹೊರಬಿದ್ದಿದ್ದವು.

"ರಬ್ಬರ್," ಎಂದರು ಭೂತಗನ್ನಡಿ. "ಎರಡು ಟೈರಿನದು. ಒಂದರಲ್ಲಿ ರಸ್ತೆಯ ಮರಳು ಕೂತಿದೆ. ಇನ್ನೊಂದು ರಸ್ತೆಯ ಮುಖಾನೇ ನೋಡಿಲ್ಲ."

ಚಿರತೆಯ ಮೈಯಲ್ಲಿ ರಬ್ಬರ್ ಇರಬಹುದೇ ಎಂದು ಅವಳು ಆಸೆಯಿಂದ ಕೇಳಿದಳು. ತಮಗೆ ತಿಳಿದ ಮಟ್ಟಿಗೆ ಇಲ್ಲ ಎಂದ ಅವರು, ಕಂಡದ್ದಕ್ಕೆ ಮಾತ್ರ ಸಹಿ ಹಾಕುವುದಾಗಿ ಹೇಳಿ, ಕಂಡದ್ದನ್ನು ಬರೆದೂ ಕೊಟ್ಟರು: 'ಚಾಕು. ಟೈರು ಕೊಯ್ಯಲು ಬಳಸಿದ್ದು.' ಚಿರತೆ ಬೇಕಾದರೆ ಕಣ್ಣಾರೆ ಕಂಡವರ ಹೇಳಿಕೆ ತರಬೇಕು. ಇಲ್ಲದಿದ್ದರೆ ಭಾನುವಾರ ಇಡೀ ಊರು ಸಾಲಾಗಿ ನಿಂತು ಈ ಫಲಕ ಓದುತ್ತದೆ. ಪಕ್ಕದಲ್ಲೇ ಹೊಸ ಕೋಟಿನ ಅಜ್ಜ.

ಅವಳು ಮನೆಗೆ ಓಡಿದಳು. ಅಜ್ಜ ಚಾಕುವಿನ ಬದಲು ಬಾಚಣಿಗೆ ಹಿಡಿದು ಕನ್ನಡಿಯೊಳಗಿನ ಚಿರತೆಯನ್ನು ಅಟ್ಟುತ್ತಿದ್ದ. ಟೈರು ಕೊಯ್ದವನು ನೀನೇನಾ ಎಂದು ಅವಳು ಸುತ್ತುಬಳಸದೆ ಕೇಳಿದಳು.

ಬಾಚಣಿಗೆ ಕೆಳಗಿಳಿಯಿತು.

"ಜೀಪಿಗೆ ಚಕ್ರ ಎಷ್ಟು ಪುಟ್ಟಿ? ನಾಲ್ಕು. ಆ ನಾಲ್ಕರಲ್ಲಿ ಒಂದಕ್ಕೂ ನಾನು ಚಾಕು ತಾಗಿಸಿಲ್ಲ. ನಿಮ್ಮಜ್ಜಿ ತಲೆ ಮುಟ್ಟಿ ಹೇಳ್ತೀನಿ."

ಅಜ್ಜಿಯ ತಲೆಯ ಮೇಲೆ ಅಜ್ಜ ಸುಳ್ಳಾಣೆ ಇಡುವವನಲ್ಲ. ಕದ್ದು ಸಿಹಿ ತಿಂದ ದಿನವೂ ಆಣೆ ಎಂದೊಡನೆ ಡಬ್ಬಿ ತಂದು ಒಪ್ಪಿಸಿದ್ದ. ಮೊಮ್ಮಗಳು ನಂಬಿದಳು. ಉಳಿದದ್ದನ್ನು ಅಜ್ಜಿಯ ಹತ್ತಿರ ಕೇಳು ಎಂದು ಅವನು ಬೇಗನೆ ಕನ್ನಡಿಗೆ ತಿರುಗಿಕೊಂಡ. ಕನ್ನಡಿಯಲ್ಲಿ ಕಿವಿಗಳೆರಡೂ ಕೆಂಪಗಿದ್ದವು.

ಅಜ್ಜಿ ಹಿಂದಿನ ಕೋಣೆಯಲ್ಲಿ ಕೋಟಿಗೆ ಗುಂಡಿ ಹಾಕುತ್ತಿದ್ದಳು. ಮೊಮ್ಮಗಳು ರಬ್ಬರಿನ ಸುದ್ದಿ ಹೇಳಿದಳು. ಅಜ್ಜಿ ಹಲ್ಲಿನಿಂದ ದಾರ ಕಡಿದಳು, ಬಾಗಿಲಿನತ್ತ ನೋಡಿದಳು, ದನಿ ತಗ್ಗಿಸಿದಳು.

"ಅವತ್ತು ಬೆಳಗ್ಗೆ ನಿಮ್ಮಜ್ಜ ಹೊರಟೇಬಿಡೋರು. ನನಗೆ ಅವರನ್ನ ಕಳಿಸೋಕೆ ಮನಸ್ಸಿರಲಿಲ್ಲ. ಗೂಟದಲ್ಲಿ ಚಾಕು ನೇತಾಡ್ತಿತ್ತು. ಟೈರು ಕೊಯ್ದು, ಚಾಕು ಮತ್ತೆ ಗೂಟಕ್ಕೇ ಹಾಕಿ, ಚಿರತೆ ಅಂತ ಕೂಗಿದೆ."

ಮೊಮ್ಮಗಳು ನೆಲದ ಮೇಲೆ ಕೂತುಬಿಟ್ಟಳು. ಇಷ್ಟು ವರ್ಷ ಅವಳನ್ನು ಹೆದರಿಸಿ ಮಲಗಿಸಿದ ಚಿರತೆ ಎದುರಿಗೇ ಕೂತು ಸೂಜಿಗೆ ದಾರ ಪೋಣಿಸುತ್ತಿತ್ತು.

"ಹಾಗಾದ್ರೆ ಅಜ್ಜ ಅಟ್ಟಿದ್ದು?"

"ಅಟ್ಟಿ ಬಂದೆ ಅಂದ್ರು. ಪಾಪ, ಜಂಬ ಕೊಚ್ಚಿಕೊಳ್ತಿದಾರೆ ಅಂತ ನಾನೂ ಸುಮ್ಮನಾದೆ."

ಮೊಮ್ಮಗಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಭಾನುವಾರ ನೆನಪಾಗಿ ಅಳುವೂ ಬಂತು. ಇನ್ನು ಚಿರತೆಗೆ ಸಾಕ್ಷಿ ಎಲ್ಲಿಂದ ತರುವುದು? ಅಷ್ಟಕ್ಕೂ ಒಂದು ಸಾಲದೆ ಎರಡು ಟೈರು ಯಾಕೆ ಕೊಯ್ದೆ ಎಂದು ಮುನಿಸಿಕೊಂಡೇ ಕೇಳಿದಳು.

"ನಾನು ಕೊಯ್ದಿದ್ದು ಒಂದೇ," ಎಂದಳು ಅಜ್ಜಿ. "ಹಿಂದುಗಡೆ ಸ್ಟೆಪ್ನಿ ಅಂತ ಇನ್ನೊಂದು ಇರುತ್ತೆ ಅಂತ ನನಗೆಲ್ಲಿ ಗೊತ್ತಿತ್ತು? ನಿಮ್ಮಜ್ಜ ಚಿರತೆ ಅಟ್ಟಿ ಬಂದ ಮೇಲೆ ಹೋಗಿ ನೋಡ್ತೀನಿ, ಹೊಚ್ಚಹೊಸ ಸ್ಟೆಪ್ನೀನೂ ಸಿಗಿದುಹೋಗಿದೆ. ಅವತ್ತಿಂದ ನನಗೂ ನಂಬಿಕೆ ಬಂತು. ಧೈರ್ಯವಾಗಿ ಬರಿ ಪುಟ್ಟಿ, ಚಿರತೆ ಬಂದಿದ್ದಂತೂ ನಿಜ."