ಇನ್ನೂ ಕಾಣದ ಗಡ್ಡೆ

ಹಲ್ಲುಜ್ಜುವ ಬ್ರಷ್ಷೇ ಎಂಜಲು ನೋಡಿ, ಕ್ಯಾನ್ಸರ್ ಬರುವುದನ್ನು ವರ್ಷಗಳ ಮೊದಲೇ ಹೇಳಿಬಿಡುವ ಕಾಲ ಅದು. ಶಶಿರೇಖಾ ಮತ್ತು ಅವಳ ಅಕ್ಕ ವನಮಾಲಾ ಇಬ್ಬರ ಬ್ರಷ್ಷಿನಲ್ಲೂ ಒಂದೇ ಬೇಸಿಗೆಯಲ್ಲಿ ಕೆಂಪು ದೀಪ ಹತ್ತಿತ್ತು. ಅಕ್ಕನಿಗೆ ಗಡ್ಡೆ ಬೇಗ ಕಾಣಿಸಿತು, ಹೊಸ ಔಷಧಿಯ ಪ್ರಯೋಗಕ್ಕೆ ಸೇರಿಸಿಕೊಂಡರು. ಶಶಿರೇಖಾ ಮಾತ್ರ ಆಸ್ಪತ್ರೆಗೆ ಅಲೆದದ್ದೇ ಬಂತು.

"ಸ್ಕ್ಯಾನಿನಲ್ಲಿ ಇನ್ನೂ ಏನೂ ಇಲ್ಲಮ್ಮ. ಗಡ್ಡೆ ಕಂಡವರಿಗಷ್ಟೇ ಈ ಔಷಧಿ," ಎಂದರು ಡಾಕ್ಟರು, ಈ ಸಲವೂ.

"ಬರೋದಂತೂ ಖಚಿತ ತಾನೇ?"

"ಖಚಿತವೇ. ಬಂದ ಮೇಲೆ ಬನ್ನಿ."

"ಅಲ್ಲೀತನಕ ಏನು ಮಾಡಲಿ ಡಾಕ್ಟ್ರೇ?"

"ಚೆನ್ನಾಗಿ ಊಟ ಮಾಡಿ," ಎಂದು ಅವರು ಮುಂದಿನವರನ್ನು ಕರೆದರು.

ಮೈಯೆಲ್ಲ ಉರಿದುಕೊಂಡು ಅವಳು ಅಕ್ಕನ ವಾರ್ಡಿಗೆ ಬಂದಳು. ವನಮಾಲಾ ಮಂಚದ ಮೇಲೆ ಕೂತು ಮೋಸಂಬಿ ಸುಲಿಯುತ್ತಿದ್ದಳು. ಮುಖಕ್ಕೆ ಕಳೆ ಬಂದಿತ್ತು. ಗಡ್ಡೆ ಅರ್ಧಕ್ಕರ್ಧ ಕರಗಿತ್ತಂತೆ. ಸಂತೋಷಪಡಬೇಕಾದ ಹೊತ್ತಿನಲ್ಲಿ ಶಶಿರೇಖಾಳಿಗೆ ಹೊಟ್ಟೆಕಿಚ್ಚಾಯಿತು, ಅದಕ್ಕೆ ನಾಚಿಕೆಯೂ ಆಯಿತು.

"ಮತ್ತೆ ವಾಪಸ್ ಕಳಿಸಿದರಾ?" ಅಕ್ಕ ಅವಳ ಕೈಗೆ ಒಂದು ತೊಳೆ ಇಟ್ಟಳು. "ಈ ಪ್ರಯೋಗ ಮುಗಿಯೋದರೊಳಗೆ ನಿನಗೂ ಗಡ್ಡೆ ಕಾಣಿಸಿಕೊಳ್ಳಲಿ ಅಂತ ದಿನಾ ದೇವರಿಗೆ ಕೈಮುಗೀತೀನಿ ಕಣೇ."

ಒಡಹುಟ್ಟಿದವಳಿಗೆ ಯಾರಾದರೂ ಇಂಥದ್ದನ್ನು ಬೇಡಿಕೊಳ್ಳುತ್ತಾರಾ? ಶಶಿರೇಖಾಳಿಗೆ ಬೈಯಬೇಕೆನಿಸಿತು. ಆದರೆ ಬಾಯಿಂದ ಬಂದದ್ದೇ ಬೇರೆ.

"ಇನ್ನೂ ಸ್ವಲ್ಪ ಗಟ್ಟಿಯಾಗಿ ಬೇಡಿಕೋ, ಅಕ್ಕ."